ಅಂಗಡಿ ಬೀದಿಯ ಶಾಸನಗಳು

ಚರಿತ್ರೆಯ ಆಧಾರಗಳೆಂದರೆ ಶಿಲಾಶಾಸನ, ತಾಮ್ರಪಟ, ನಾಣ್ಯ ಎಂದು ನೀವು ಪಾಠಗಳಲ್ಲಿ ಓದಿದ್ದೀರಿ. ಅರಸರು ಕಲ್ಲಿನ ಮೇಲೆ ಬರೆಸಿದರು. ಅಕ್ಕಿ ಅಳೆದವರು, ಎಣ್ಣೆ ತೆಗೆದವರು, ಬಳೆ ಮಾರಿದವರು ಎಲ್ಲಿ ಬರೆಸಿದರು? ಅವರ ಗುರುತುಗಳು ಬೀದಿಯ ಹೆಸರಿನಲ್ಲಿ, ಅಂಗಡಿಯ ಫಲಕದಲ್ಲಿ ಉಳಿದಿವೆ.

ಬೆಂಗಳೂರಿನ ಹಳೆಯ ಪೇಟೆಯನ್ನೇ ನೋಡೋಣ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನಲಾದ ಈ ಊರಿನಲ್ಲಿ ಒಂದೊಂದು ಕಸುಬಿಗೂ ಒಂದೊಂದು ಬೀದಿಯಿತ್ತು. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಈಗ ಬಳೆಪೇಟೆಗೆ ಹೋದರೆ ವೀಣೆ, ಮೃದಂಗಗಳ ಅಂಗಡಿಗಳು ಎದುರಾಗುತ್ತವೆ. ಅಕ್ಕಿಪೇಟೆಯಲ್ಲಿ ಔಷಧಿಯ ಸಗಟು ವ್ಯಾಪಾರ ನಡೆಯುತ್ತದೆ. ವ್ಯಾಪಾರ ಬದಲಾಯಿತು, ಹೆಸರು ಉಳಿಯಿತು. ಆದರೆ ಹೆಸರಿಗೂ ಅಭಯವಿಲ್ಲ. ದೊಡ್ಡಪೇಟೆ ಅವೆನ್ಯೂ ರಸ್ತೆಯಾಯಿತು. ಹಳೆಯ ಹೆಸರನ್ನು ಬಲ್ಲವರು ಈಗ ಕೆಲವರೇ.

ಇನ್ನು ಫಲಕಗಳು. ಹಳೆಯ ಕಟ್ಟಡಗಳ ನೆತ್ತಿಯಲ್ಲಿ ಗಾರೆಯ ಉಬ್ಬಕ್ಷರಗಳು, ಬಾಗಿಲ ಮೇಲೆ ತಗಡಿನ ಹಲಗೆ, ಪಕ್ಕದ ಗೋಡೆಯಲ್ಲಿ ಮಾಸಿದ ಬಣ್ಣದ ಬರಹ ಕಾಣಸಿಗುತ್ತವೆ. ಇವುಗಳಲ್ಲಿ ಇಸವಿ ಇಲ್ಲದಿದ್ದರೂ ಕಾಲವನ್ನು ಊಹಿಸಬಹುದು. ಬೆಲೆ ಆಣೆಯಲ್ಲಿದ್ದರೆ ಅದು ಬಹುಮಟ್ಟಿಗೆ ದಶಮಾಂಶ ನಾಣ್ಯ ಬಂದ 1957ಕ್ಕೆ ಹಿಂದಿನದು. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ಆಸುಪಾಸಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಬರಹ 1972ಕ್ಕಿಂತ ಹಳೆಯದಾಗಿರಲಾರದು. 'ಮೈಸೂರು ರಾಜ್ಯ' ಎಂದಿದ್ದರೆ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ಮೊದಲು ಬರೆದದ್ದಿರಬೇಕು.

ಒಂದು ಎಚ್ಚರಿಕೆ ಅಗತ್ಯ. ಜನ ಹಳೆಯ ಮಾತನ್ನು ಬೇಗ ಬಿಡುವುದಿಲ್ಲ. ಕಿಲೋಗ್ರಾಂ ಬಂದ ಮೇಲೂ 'ಸೇರು' ಬಾಯಲ್ಲಿ ಉಳಿದಿತ್ತು. ಆದ್ದರಿಂದ ಒಂದೇ ಗುರುತನ್ನು ನಂಬದೆ ಅಕ್ಷರದ ರೂಪ, ಕಟ್ಟಡದ ರೀತಿ, ನೆರೆಯ ಹಿರಿಯರ ನೆನಪು ಇವನ್ನೆಲ್ಲ ಒಟ್ಟಿಗೆ ತೂಗಿ ನೋಡಬೇಕು.

ಬಿ.ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ಮೊದಲ ಸಂಪುಟ ಹೊರಬಂದದ್ದು 1886ರಲ್ಲಿ. ಆಮೇಲೆ ಒಡೆದುಹೋದ ಎಷ್ಟೋ ಕಲ್ಲುಗಳ ಮಾತು ನಮಗೆ ಉಳಿದಿರುವುದು ಅಂಥ ಕೆಲಸದಿಂದಲೇ. ಅಂಗಡಿಯ ಫಲಕ ಕಲ್ಲಿಗಿಂತ ಬಹು ಬೇಗ ಅಳಿಯುತ್ತದೆ. ಮಾಲೀಕರು ಬದಲಾದರೆ, ರಸ್ತೆ ಅಗಲವಾದರೆ, ಒಂದು ಸಲ ಸುಣ್ಣ ಬಳಿದರೆ ಮುಗಿಯಿತು. ಒಂದು ಕುಟುಂಬ ತಲೆಮಾರುಗಳ ಕಾಲ ನಡೆಸಿದ ವ್ಯಾಪಾರಕ್ಕೆ ಬೇರೆ ದಾಖಲೆಯೇ ಇಲ್ಲದಿರಬಹುದು.

ನಿಮ್ಮ ಊರಿನ ಪೇಟೆ ಬೀದಿಯಲ್ಲಿಯೂ ಇಂಥ ಬರಹಗಳಿರಬಹುದು. ಈ ವಾರ ಅಲ್ಲಿಗೆ ಹೋಗಿ ಒಂದು ಫಲಕವನ್ನಾದರೂ ಇದ್ದದ್ದು ಇದ್ದಂತೆ, ತಪ್ಪಕ್ಷರವನ್ನೂ ತಿದ್ದದೆ, ನಕಲು ಮಾಡಿಕೊಳ್ಳಿ. ಸ್ಥಳ, ದಿನಾಂಕಗಳನ್ನು ಬರೆದಿಡಿ. ಅಂಗಡಿಯವರನ್ನು ವಿನಯದಿಂದ ಮಾತನಾಡಿಸಿ. ಮುಂದೊಂದು ದಿನ ನಿಮ್ಮ ಊರಿನ ಚರಿತ್ರೆ ಬರೆಯುವವರಿಗೆ ಆ ಹಾಳೆಯೇ ಆಧಾರವಾದೀತು.