ಪೋಷಕರ ಸಹಿ: ಅಪ್ರಾಪ್ತೆಯ ಗರ್ಭಪಾತ ಮತ್ತು ಭಾರತದ ಕಾನೂನು

1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಂ, ತಾಯಿಯ ಜೀವ ಉಳಿಸುವ ಸದುದ್ದೇಶವೊಂದನ್ನು ಬಿಟ್ಟು ಬೇರಾವ ಕಾರಣಕ್ಕೂ ಗರ್ಭಪಾತ ಮಾಡಿಸುವುದನ್ನು ಅಪರಾಧವೆಂದು ಸಾರಿ, ತಾನಾಗಿ ಗರ್ಭ ತೆಗೆಸಿಕೊಂಡ ಹೆಣ್ಣನ್ನೂ ಶಿಕ್ಷೆಗೆ ಗುರಿಮಾಡಿತ್ತು. ಎಲ್ಲರಿಗೂ ನಿಷಿದ್ಧವಾಗಿದ್ದ ಕಾಲದಲ್ಲಿ ಯಾರ ಒಪ್ಪಿಗೆ ಬೇಕೆಂಬ ಪ್ರಶ್ನೆಗೆ ಅರ್ಥವಿರಲಿಲ್ಲ. 1964ರಲ್ಲಿ ನೇಮಕಗೊಂಡ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟು, ಅದರ ಆಧಾರದ ಮೇಲೆ ರೂಪುಗೊಂಡ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆಯೇ ಆ ಪ್ರಶ್ನೆ ಎದ್ದಿತು.

ಈ ಕಾಯ್ದೆ ಹೆಣ್ಣಿಗೆ ಹಕ್ಕು ಕೊಟ್ಟಿತೆನ್ನುವುದಕ್ಕಿಂತ, ನಿಯಮದಂತೆ ನಡೆದ ವೈದ್ಯರನ್ನು ದಂಡ ಸಂಹಿತೆಯಿಂದ ಪಾರುಮಾಡಿತೆನ್ನುವುದೇ ಸರಿ. ವಯಸ್ಕ ಮಹಿಳೆಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಡವೆಂದು ಅದು ಹೇಳಿದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ 3(4)ನೇ ಕಲಂ 18 ತುಂಬದವಳನ್ನೂ ಬುದ್ಧಿಭ್ರಮಣೆಯಾದವಳನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಇಬ್ಬರ ವಿಷಯದಲ್ಲೂ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯವೆಂದಿತು. ಪೋಷಕರೆಂದರೆ ಅವಳನ್ನು ನೋಡಿಕೊಳ್ಳುತ್ತಿರುವವರು ಎಂದಷ್ಟೇ ಕಾಯ್ದೆಯ ವ್ಯಾಖ್ಯಾನ. ಅವರು ಅಪ್ಪ-ಅಮ್ಮನೇ ಆಗಬೇಕೆಂದಿಲ್ಲ, ಸಾಕುತ್ತಿರುವ ಅಜ್ಜಿಯೂ ಆಗಬಹುದು. ಹೆಣ್ಣಿನ ಮದುವೆಯ ವಯಸ್ಸು 1978ರವರೆಗೆ 15 ಆಗಿದ್ದು, 1956ರ ಹಿಂದೂ ಕಾನೂನು ಮದುವೆಯಾದ ಅಪ್ರಾಪ್ತೆಗೆ ಗಂಡನನ್ನೇ ಸಹಜ ಪೋಷಕನೆಂದು ಕರೆದಿದ್ದರಿಂದ, ಮುಂಬಾಗಿಲಿನಲ್ಲಿ ಹೊರಗೆ ಕಳಿಸಿದ ಗಂಡನ ಸಹಿ ಹದಿನಾರರ ಹೆಂಡತಿಯ ವಿಷಯದಲ್ಲಿ ಹಿತ್ತಲಿನಿಂದ ಒಳಬರಲು ದಾರಿಯಾಯಿತು.

ಆಸ್ಪತ್ರೆಯಲ್ಲಿ ಭರ್ತಿಮಾಡುವ 'ಸಿ' ನಮೂನೆ ಈ ದೃಷ್ಟಿಯನ್ನು ಕಣ್ಣಿಗೆ ಕಟ್ಟಿಸುತ್ತದೆ. ಮೇಲರ್ಧ ವಯಸ್ಕಳದು, ಹೆಸರು, ವಯಸ್ಸು, ಕಾಯಂ ವಿಳಾಸ ಬರೆದು ತನ್ನ ಗರ್ಭ ತೆಗೆಯಲು ಒಪ್ಪಿದ್ದೇನೆಂದು ಅವಳು ಸಹಿ ಹಾಕುತ್ತಾಳೆ. ಕೆಳಗಿನರ್ಧದಲ್ಲಿ ಪೋಷಕರು ತಮ್ಮ ಹೆಸರು ಬರೆದು, ತಮ್ಮ ಪಾಲನೆಯಲ್ಲಿರುವ ಅಪ್ರಾಪ್ತೆಯ ಗರ್ಭ ತೆಗೆಯಲು ಒಪ್ಪಿಗೆ ಕೊಡುತ್ತಾರೆ; ಆ ಭಾಗದಲ್ಲಿ ಬಾಲಕಿಯ ಸಹಿಗೆ ಜಾಗವಿಲ್ಲ.

2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಈ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿತು. 18ರೊಳಗಿನವರೊಡನೆ ನಡೆದ ಲೈಂಗಿಕ ಸಂಬಂಧವೆಲ್ಲವೂ, ಒಪ್ಪಿಗೆಯಿದ್ದರೂ, ಅಪರಾಧವಾಯಿತು. ಅದನ್ನು ತಿಳಿದವರು ಪೊಲೀಸರಿಗೆ ತಿಳಿಸದಿದ್ದರೆ ಶಿಕ್ಷೆಯೂ ಉಂಟಾಯಿತು. ಪೋಷಕರ ಸಹಿ ದೊರೆತರೂ ವೈದ್ಯರು ಠಾಣೆಗೆ ಸುದ್ದಿ ಮುಟ್ಟಿಸಲೇಬೇಕಾದ್ದರಿಂದ, ಓರಗೆಯ ಹುಡುಗನನ್ನು ಪ್ರೀತಿಸಿದವಳಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೆಂದರೆ ಅವನನ್ನು ಜೈಲಿಗೆ ಕಳಿಸುವುದೆಂದಾಯಿತು. ಇಂತಹ ಪ್ರೇಮಪ್ರಕರಣಗಳನ್ನು ಕಂಡ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ ಮರುವರ್ಷ 18ನ್ನೇ ಉಳಿಸಬೇಕೆಂದು ಶಿಫಾರಸು ಮಾಡಿತು.

ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಅಪ್ರಾಪ್ತೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ ಕೊಟ್ಟಿತೇ ಹೊರತು ಪೋಷಕರ ಸಹಿಯ ಗೊಡವೆಗೆ ಹೋಗಲಿಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 25ರ ಅವಿವಾಹಿತೆಯೊಬ್ಬಳ ಪ್ರಕರಣದ ತೀರ್ಪಿನಲ್ಲೇ ಅಪ್ರಾಪ್ತೆಯರ ಸಂಕಟವನ್ನೂ ಪ್ರಸ್ತಾಪಿಸಿ, ಬಾಲಕಿ ಮತ್ತು ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತನ್ನು ವೈದ್ಯರು ಬಿಟ್ಟುಬಿಡಬಹುದೆಂದಿತು. ಅಲ್ಲಿಯೂ ಕೋರಿಕೆಗೆ ಪೋಷಕರು ಜೊತೆಗಿರಲೇಬೇಕು.

ಮಹಾರಾಷ್ಟ್ರದ 14 ವರ್ಷದ ಬಾಲಕಿಯೊಬ್ಬಳ ವಿಷಯದಲ್ಲಿ 2024ರ ಏಪ್ರಿಲ್ 22ರಂದು ಗರ್ಭಪಾತಕ್ಕೆ ಅನುಮತಿ ಕೊಟ್ಟಿದ್ದ ಅದೇ ನ್ಯಾಯಾಲಯ, ಪೋಷಕರು ಮನಸ್ಸು ಬದಲಿಸಿದ್ದರಿಂದ ಒಂದು ವಾರದಲ್ಲೇ ಆದೇಶವನ್ನು ಹಿಂಪಡೆಯಿತು. ಅಪ್ರಾಪ್ತೆಯ ಅಭಿಪ್ರಾಯವೂ ಪೋಷಕರದೂ ಬೇರೆಯಾದಾಗ ಅವಳ ಮಾತಿಗೆ ನ್ಯಾಯಾಲಯಗಳು ಮಹತ್ವ ಕೊಡಬೇಕೆಂದು ತೀರ್ಪು ಸ್ಪಷ್ಟವಾಗಿ ಹೇಳಿದರೂ, ಹೆರಿಗೆಯಾಗಲೆಂಬ ಪೋಷಕರ ನಿಲುವಿಗೆ ಬಾಲಕಿಯದೂ ಹೊಂದುತ್ತದೆಂದು ನ್ಯಾಯಾಲಯ ಕಂಡುಕೊಂಡದ್ದರಿಂದ, ಆ ತತ್ತ್ವ ಆ ಪ್ರಕರಣದಲ್ಲಿ ಪರೀಕ್ಷೆಗೆ ಒಳಗಾಗಲಿಲ್ಲ.