ಸಮೂಹ ಸಂವಹನ ಪದವಿ: ಸಾಲದ ಕಂತಿಗೆ ಮೊದಲ ಸಂಬಳ ಸಾಲುವುದೇ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬೆನ್ನಲ್ಲೇ ಪತ್ರಿಕೋದ್ಯಮ ಹಾಗೂ ಸಮೂಹ ಸಂವಹನ ಪದವಿಯ ಜಾಹೀರಾತುಗಳು ಕಣ್ಣಿಗೆ ಬೀಳತೊಡಗುತ್ತವೆ. ಸ್ಟುಡಿಯೊ, ಕ್ಯಾಮೆರಾ, ಸಂಕಲನ ಕೊಠಡಿಗಳ ಚಿತ್ರಗಳಿಂದ ತುಂಬಿದ ಆ ಪುಟಗಳಲ್ಲಿ ಶುಲ್ಕದ ವಿವರ ಕೊನೆಯಲ್ಲಿರುತ್ತದೆ. ಪದವಿ ಮುಗಿಸಿದವರಿಗೆ ಸಿಕ್ಕ ಮೊದಲ ಸಂಬಳದ ವಿವರವಂತೂ ಬಹುತೇಕ ಇರುವುದೇ ಇಲ್ಲ. ಸಾಲ ಮಾಡಿ ಓದಿಸಲು ಹೊರಟ ಪೋಷಕರು ಇವೆರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದೆ ಅರ್ಜಿಗೆ ಸಹಿ ಹಾಕುವುದು ಕ್ಷೇಮವಲ್ಲ.

ರಾಜ್ಯದಲ್ಲಿ ಈ ವಿಷಯದ ಬೋಧನೆ ಹೊಸದೇನೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರ ನೇತೃತ್ವದಲ್ಲಿ 1951ರಲ್ಲಿಯೇ ಪತ್ರಿಕೋದ್ಯಮ ವಿಭಾಗ ಆರಂಭವಾಗಿತ್ತು. ಇಂದು ಅನೇಕ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇದು ಬಿ.ಎ. ಪದವಿಯ ಐಚ್ಛಿಕ ವಿಷಯ. ಅಲ್ಲಿನ ಶುಲ್ಕಕ್ಕೆ ಸಾಲದ ಅಗತ್ಯವೇ ಬೀಳುವುದಿಲ್ಲ. ಪ್ರಶ್ನೆ ಏಳುವುದು ನಗರಗಳ ಖಾಸಗಿ ಸಂಸ್ಥೆಗಳ ವಿಶೇಷ ಪದವಿಗಳ ವಿಚಾರದಲ್ಲಿ. ಇಲ್ಲಿ ಮತ್ತೊಂದು ಅಂಶ ಗಮನಿಸಬೇಕು. 2021-22ರಲ್ಲಿ ಜಾರಿಗೆ ಬಂದಿದ್ದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕೈಬಿಟ್ಟ ರಾಜ್ಯ ಸರ್ಕಾರ, 2024-25ರಿಂದ ತನ್ನ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷಗಳ ಪದವಿಗೆ ಮರಳಿತು. ಖಾಸಗಿ ಸಂಸ್ಥೆಯಲ್ಲಿ ನಾಲ್ಕನೇ ವರ್ಷವೂ ಇದ್ದರೆ ಅದರ ಶುಲ್ಕವೂ ಲೆಕ್ಕಕ್ಕೆ ಸೇರಬೇಕು.

ಕಂತಿನ ಲೆಕ್ಕ

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷ ರೂ.ವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ, 7.5 ಲಕ್ಷ ರೂ. ಮೀರಿದರೆ ಸಾಮಾನ್ಯವಾಗಿ ಬೇಕಾಗುತ್ತದೆ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿರುತ್ತಾರೆ. ವ್ಯಾಸಂಗದ ಅವಧಿ ಹಾಗೂ ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಏರುತ್ತಿರುತ್ತದೆ ಎಂಬುದು ಬಹಳಷ್ಟು ಕುಟುಂಬಗಳಿಗೆ ತಿಳಿಯುವುದು ಕಂತಿನ ಪಟ್ಟಿ ಕೈಗೆ ಬಂದಾಗಲೇ.

ಉದಾಹರಣೆಗೆ, ವರ್ಷಕ್ಕೆ 2 ಲಕ್ಷದಂತೆ ಮೂರು ವರ್ಷಕ್ಕೆ 6 ಲಕ್ಷ ರೂ. ಸಾಲ, ಶೇ 10ರ ಬಡ್ಡಿ ಎಂದಿಟ್ಟುಕೊಳ್ಳೋಣ. ಕಂತು ಆರಂಭವಾಗುವ ಹೊತ್ತಿಗೆ ಮೊದಲ ವರ್ಷದ 2 ಲಕ್ಷಕ್ಕೆ ನಾಲ್ಕು ವರ್ಷಗಳ ಸರಳ ಬಡ್ಡಿ 80 ಸಾವಿರ, ಎರಡನೆಯದಕ್ಕೆ 60 ಸಾವಿರ, ಮೂರನೆಯದಕ್ಕೆ 40 ಸಾವಿರ ರೂ. ಆಗಿರುತ್ತದೆ. ಒಟ್ಟು 1.8 ಲಕ್ಷ ರೂ. ಬಡ್ಡಿಯು ಅಸಲಿಗೆ ಸೇರಿ ಬಾಕಿ 7.8 ಲಕ್ಷ ರೂ.ಗೆ ಏರುತ್ತದೆ. ಇದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 10,308 ರೂ.; ಕಟ್ಟುವ ಒಟ್ಟು ಮೊತ್ತ 12.37 ಲಕ್ಷ ರೂ. ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸಿದರೆ ಕಂತು 8,382 ರೂ.ಗೆ ಇಳಿದರೂ ಒಟ್ಟು ಮೊತ್ತ 15 ಲಕ್ಷ ರೂ. ದಾಟುತ್ತದೆ. ಪಡೆದದ್ದು 6 ಲಕ್ಷ ರೂ. ಎಂಬುದನ್ನು ಮರೆಯುವಂತಿಲ್ಲ.

ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತ ಬಂದರೆ ಚಿತ್ರ ಬದಲಾಗುತ್ತದೆ. ಮೊದಲ ವರ್ಷ ತಿಂಗಳಿಗೆ 1,667 ರೂ., ಎರಡನೇ ವರ್ಷ 3,333 ರೂ., ಆಮೇಲೆ 5,000 ರೂ. ಕಟ್ಟಿದಲ್ಲಿ ಹತ್ತು ವರ್ಷಗಳ ಕಂತು 7,929 ರೂ.ಗೆ ನಿಲ್ಲುತ್ತದೆ, ಒಟ್ಟಾರೆ ಒಂದು ಲಕ್ಷ ರೂ.ಗೂ ಹೆಚ್ಚು ಉಳಿತಾಯ. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ 1ರ ರಿಯಾಯಿತಿ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕೇಳಿ ಪಡೆಯಬೇಕಷ್ಟೆ.

ಸಂಬಳದ ಮಗ್ಗುಲು

ಸುದ್ದಿಮನೆಗೆ ಹೊಸದಾಗಿ ಕಾಲಿಟ್ಟವರು ಮೊದಲ ತಿಂಗಳುಗಳನ್ನು ತರಬೇತಿ ಭತ್ಯೆಯಲ್ಲಿ ಕಳೆಯುವುದು ವಾಡಿಕೆ. ಕೆಲಸ ಕಾಯಂ ಆಗಿ ಕೈಗೆ 20 ಸಾವಿರ ರೂ. ಬರುತ್ತದೆ ಎಂದುಕೊಂಡರೂ, 10,308 ರೂ. ಕಂತು ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಉಳಿದ 9,692 ರೂ.ನಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಓಡಾಟ ನಡೆಯಬೇಕು. ಸಂಬಳ ವರ್ಷಕ್ಕೆ ಶೇ 8ರಂತೆ ಏರಿದರೆ ಐದು ವರ್ಷಗಳ ಬಳಿಕ ಅದು 29 ಸಾವಿರ ದಾಟಿ, ಕಂತಿನ ಪಾಲು ಶೇ 35ಕ್ಕೆ ಇಳಿದೀತು. ಕಷ್ಟವಿರುವುದು ಆ ಐದು ವರ್ಷಗಳನ್ನು ದಾಟುವುದರಲ್ಲಿ. ಕಂತು ತಪ್ಪಿದರೆ ಮಗನ ಅಥವಾ ಮಗಳ ಜತೆಗೆ ಸಹ ಸಾಲಗಾರರಾದ ತಂದೆ-ತಾಯಿಯ ಸಾಲದ ದಾಖಲೆಗೂ ಕಪ್ಪು ಚುಕ್ಕೆ ತಗಲುತ್ತದೆ.

ಕಾನೂನಿನ ರಕ್ಷಣೆಯನ್ನು ನೆಚ್ಚಿ ಕೂರುವಂತೆಯೂ ಇಲ್ಲ. ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳು 2011ರ ನವೆಂಬರ್‌ನಲ್ಲಿ ಅಧಿಸೂಚನೆಗೊಂಡು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್‌ ಅವನ್ನು ಎತ್ತಿಹಿಡಿಯಿತು. ಆದರೆ ಅವು ಪತ್ರಿಕೆಗಳಿಗೆ ಹಾಗೂ ಸುದ್ದಿ ಸಂಸ್ಥೆಗಳಿಗೆ ಅನ್ವಯಿಸಿದವೇ ಹೊರತು ಸುದ್ದಿ ವಾಹಿನಿಗಳಿಗಲ್ಲ. ಜಾಹೀರಾತು ಸಂಸ್ಥೆ, ಕಂಪೆನಿಗಳ ಸಾರ್ವಜನಿಕ ಸಂಪರ್ಕ ವಿಭಾಗಗಳಲ್ಲಿ ಸಂಬಳ ಸಾಮಾನ್ಯವಾಗಿ ಮೇಲು; ಅಲ್ಲಿಗೆ ಇಂಗ್ಲಿಷ್‌ ಬರವಣಿಗೆಯ ಹಿಡಿತ ಬೇಕು. ಕನ್ನಡ ಪತ್ರಿಕೆಗಳ ಪ್ರವೇಶ ಪರೀಕ್ಷೆಯಲ್ಲಾದರೋ ಅನುವಾದ ಹಾಗೂ ಸುದ್ದಿ ಬರವಣಿಗೆಗೆ ಮಹತ್ವ. ಅಭ್ಯರ್ಥಿಯ ಕಾಲೇಜಿನಲ್ಲಿ ಎಷ್ಟು ಕ್ಯಾಮೆರಾಗಳಿದ್ದವು ಎಂದು ಯಾವ ಸುದ್ದಿ ಸಂಪಾದಕರೂ ಕೇಳಿದ್ದನ್ನು ಈ ವರದಿಗಾರ ಕಂಡಿಲ್ಲ.

ಹಾಗಾದರೆ ಎಷ್ಟು ಸಾಲ ತಾಳಿಕೆಯಾದೀತು? ಲೆಕ್ಕವನ್ನು ಸಂಬಳದ ಕಡೆಯಿಂದ ಹಿಂದಕ್ಕೆ ಮಾಡುವುದು ಉತ್ತಮ. 20 ಸಾವಿರ ರೂ. ಸಂಬಳದ ಕಾಲು ಭಾಗ, ಅಂದರೆ 5,000 ರೂ. ಕಂತಿಗೆ ಮೀಸಲು ಎಂದಾದರೆ, ಮೇಲಿನ ಬಡ್ಡಿ ಹಾಗೂ ಹತ್ತು ವರ್ಷಗಳ ಅವಧಿಗೆ ಪಡೆಯಬಹುದಾದ ಸಾಲ ಸುಮಾರು 2.9 ಲಕ್ಷ ರೂ. ಮಾತ್ರ. ವರ್ಷಕ್ಕೆ 97 ಸಾವಿರ ರೂ. ಆಸುಪಾಸು.

ನೆರವು ಯಾರಿಗೆ?

ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಡಿ ವಾರ್ಷಿಕ 4.5 ಲಕ್ಷ ರೂ.ವರೆಗೆ ವರಮಾನವಿರುವ ಕುಟುಂಬಗಳಿಗೆ ಕಂತು ಆರಂಭವಾಗುವವರೆಗಿನ ಬಡ್ಡಿ ಪೂರ್ಣ ಮನ್ನಾ ಆಗುತ್ತದೆ. ಆದರೆ ಅದು ತಾಂತ್ರಿಕ ಹಾಗೂ ವೃತ್ತಿಪರ ಕೋರ್ಸ್‌ಗಳಿಗೆ ಸೀಮಿತ. ತಾವು ಸೇರುವ ಸಂವಹನ ಪದವಿ ಆ ವರ್ಗಕ್ಕೆ ಸೇರುತ್ತದೆಯೇ ಎಂಬುದನ್ನು ಬ್ಯಾಂಕಿನಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 8 ಲಕ್ಷ ರೂ.ವರೆಗಿನ ವರಮಾನದ ಕುಟುಂಬಗಳಿಗೆ, 10 ಲಕ್ಷ ರೂ.ವರೆಗಿನ ಸಾಲದ ಮೇಲೆ ಅದೇ ಅವಧಿಗೆ ಶೇ 3ರ ಬಡ್ಡಿ ರಿಯಾಯಿತಿ ನೀಡುತ್ತದೆ. ಇದರ ಲಾಭ ಪಟ್ಟಿ ಮಾಡಲಾದ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗಷ್ಟೇ. ಆರಂಭದಲ್ಲಿ ಆ ಪಟ್ಟಿಯಲ್ಲಿದ್ದವು 860 ಸಂಸ್ಥೆಗಳು.

ಆದಾಯ ತೆರಿಗೆಯ 80ಇ ವಿನಾಯಿತಿ ಬಡ್ಡಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ, ಗರಿಷ್ಠ ಎಂಟು ವರ್ಷ ದೊರೆಯುತ್ತದೆ. 20 ಸಾವಿರ ರೂ. ಸಂಬಳದವರಿಗೆ ತೆರಿಗೆಯೇ ಇಲ್ಲದಿರುವಾಗ ಅದರ ಉಪಯೋಗವೂ ಅಷ್ಟಕ್ಕಷ್ಟೆ. ಇನ್ನು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ರಾಜ್ಯದ ಯುವನಿಧಿ ಯೋಜನೆ, ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂ. ನೀಡುತ್ತದೆ. 6 ಲಕ್ಷ ರೂ. ಸಾಲದ ಮೇಲೆ ತಿಂಗಳಿಗೆ ಏರುವ ಬಡ್ಡಿಯೇ 5,000 ರೂ.

ಪ್ರವೇಶಕ್ಕೆ ಮುನ್ನ ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದದ್ದು ಹಿಂದಿನ ಸಾಲಿನ ಅತಿ ಹೆಚ್ಚು ಸಂಬಳವನ್ನಲ್ಲ. ಎಷ್ಟು ಮಂದಿ ಪದವಿ ಮುಗಿಸಿದರು, ಅವರಲ್ಲಿ ಎಷ್ಟು ಮಂದಿಗೆ ಯಾವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು, ಸಾಲಿನ ನಟ್ಟನಡುವೆ ನಿಲ್ಲುವ ವಿದ್ಯಾರ್ಥಿಯ ಕೈಗೆ ಬಂದ ಸಂಬಳವೆಷ್ಟು ಎಂಬುದನ್ನು ಲಿಖಿತವಾಗಿ ಕೇಳಬೇಕು. ಬ್ಯಾಂಕಿನಲ್ಲಿ ಕೇಳಬೇಕಾದದ್ದು ಕಂತಿನ ಪೂರ್ಣ ಪಟ್ಟಿಯನ್ನು, ಸಾಲ ಮಂಜೂರಾತಿ ಪತ್ರಕ್ಕೆ ಸಹಿ ಮಾಡುವ ಮೊದಲು.