ಹತ್ತು ಡಾಲರಿನ ದಾವೆ

ಕೋರ್ಟಿನ ಮೆಟ್ಟಿಲು ಹತ್ತಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವೂ ಅದನ್ನು ಅಲ್ಲಗಳೆಯೆವು. ಆದರೆ ಆ ಮೆಟ್ಟಿಲ ಹೊರತು ಬೇರೆ ಗತಿಯೇ ಇಲ್ಲದವರೂ ಲೋಕದಲ್ಲಿ ಇದ್ದರೆಂಬುದನ್ನು ಚರಿತ್ರೆಯು ತೋರಿಸಿಕೊಡುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸೌರಿ ರಾಜ್ಯದಲ್ಲಿ, ಸಂತ ಲೂಯಿ ರಾಜರ ನಾಮಧೇಯವನ್ನು ಹೊತ್ತ ಸೇಂಟ್ ಲೂಯಿಸ್ ನಗರವಿದೆ. ಅಲ್ಲಿಯ ರಾಜ್ಯ ನ್ಯಾಯಾಲಯಕ್ಕೆ 1846ರ ಏಪ್ರಿಲ್ 6ರಂದು ಡ್ರೆಡ್ ಸ್ಕಾಟ್ ಮತ್ತು ಆತನ ಪತ್ನಿ ಹ್ಯಾರಿಯೆಟ್ ಎಂಬ ಗುಲಾಮ ದಂಪತಿಗಳು ಪ್ರತ್ಯೇಕವಾಗಿ ಎರಡು ಅರ್ಜಿಗಳನ್ನು ಸಲ್ಲಿಸಿದರು. ಅಕ್ಷರ ಬಾರದ ಡ್ರೆಡ್ ರುಜುವಿನ ಸ್ಥಳದಲ್ಲಿ ತನ್ನ ಗುರುತನ್ನಷ್ಟೇ ಹಾಕಿದನು. ಸೈನ್ಯದ ವೈದ್ಯನಾಗಿದ್ದ ಯಜಮಾನ ಎಮರ್ಸನ್ ಆತನನ್ನು ಗುಲಾಮಗಿರಿಯಿಲ್ಲದ ಇಲಿನಾಯ್ ರಾಜ್ಯದಲ್ಲಿಯೂ ವಿಸ್ಕಾನ್ಸಿನ್ ಪ್ರಾಂತದಲ್ಲಿಯೂ ವರ್ಷಗಟ್ಟಲೆ ಇರಿಸಿಕೊಂಡಿದ್ದನು. ಅಂಥ ನೆಲದಲ್ಲಿ ವಾಸಿಸಿದವನು ಸ್ವತಂತ್ರನೆಂದು ಮಿಸೌರಿಯ ನ್ಯಾಯಾಲಯಗಳೇ 1824ರಿಂದ ತೀರ್ಪು ನೀಡುತ್ತ ಬಂದಿದ್ದವು. ಬಡವನಾಗಿಯೇ ದಾವೆ ಹೂಡಲು ಅದೇ ವರ್ಷದ ಶಾಸನವೊಂದು ಅನುಮತಿಯಿತ್ತಿತ್ತು.

ದಾವೆಯ ಸ್ವರೂಪವು ವಿಲಕ್ಷಣವಾದುದು. ‘ನನಗೆ ಸ್ವಾತಂತ್ರ್ಯ ಕೊಡಿ’ ಎಂದು ನೇರವಾಗಿ ಕೇಳುವಂತಿರಲಿಲ್ಲ. ಯಜಮಾನನ ವಿಧವೆ ಐರೀನ್ ಎಮರ್ಸನ್ ತನ್ನನ್ನು ಹೊಡೆದು ಅಕ್ರಮ ಬಂಧನದಲ್ಲಿಟ್ಟಳೆಂದು ದೂರಿ, ಹತ್ತು ಡಾಲರು ಪರಿಹಾರ ಬೇಡಬೇಕಾಯಿತು. ಗುಲಾಮನನ್ನು ಒಡತಿ ಹೊಡೆದರೆ ಅಂದಿನ ಕಾನೂನಿಗೆ ಅದು ತಪ್ಪಲ್ಲ. ಸ್ವತಂತ್ರನನ್ನು ಹೊಡೆದರೆ ತಪ್ಪು. ಆದುದರಿಂದ ಹತ್ತು ಡಾಲರಿನ ಮಾತನ್ನು ತೀರ್ಮಾನಿಸಬೇಕಾದರೆ ಆತ ಯಾರೆಂಬುದನ್ನೇ ಮೊದಲು ತೀರ್ಮಾನಿಸಬೇಕಿತ್ತು!

1847ರಲ್ಲಿ ದಾವೆ ಬಿದ್ದುಹೋಯಿತು. ಸ್ಕಾಟ್ ದಂಪತಿಗಳನ್ನು ಬಾಡಿಗೆಗೆ ಪಡೆದಿದ್ದ ಸಾಕ್ಷಿಯು, ಆ ವ್ಯವಹಾರ ನಡೆಸಿದವಳು ತನ್ನ ಹೆಂಡತಿಯೆಂದು ನುಡಿದನು; ಕೇಳಿದ ಮಾತು ಸಾಕ್ಷ್ಯವಾಗಲಿಲ್ಲ. ತಾನು ಆಕೆಯ ಹಿಡಿತದಲ್ಲಿರುವೆನೆಂದು ರುಜುವಾತಾಗದ ಕಾರಣಕ್ಕೆ ಆತ ಆಕೆಯ ಹಿಡಿತದಲ್ಲಿಯೇ ಉಳಿದನು. ಇದಕ್ಕೆ ಏನೆನ್ನೋಣ? ಪುನರ್ವಿಚಾರಣೆ ದೊರೆತು, 1850ರಲ್ಲಿ ಜ್ಯೂರಿಗಳು ಆತನನ್ನು ಸ್ವತಂತ್ರನೆಂದರು. ಎರಡೇ ವರ್ಷಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ತನ್ನ ಹಳೆಯ ತೀರ್ಪುಗಳನ್ನೇ ಬದಿಗೊತ್ತಿ ಅದನ್ನು ರದ್ದುಗೊಳಿಸಿತು.

ಅನಂತರ ಹೊಸ ದಾವೆಯೊಂದು ಕೇಂದ್ರ ನ್ಯಾಯಾಲಯಗಳ ದಾರಿ ಹಿಡಿದು ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಆಫ್ರಿಕ ಮೂಲದವರು ಅಮೆರಿಕದ ಪ್ರಜೆಗಳಾಗಲಾರರು, ಆದುದರಿಂದ ಅಲ್ಲಿ ದಾವೆ ಹೂಡಲೂ ಸ್ಕಾಟ್‌ಗೆ ಹಕ್ಕಿಲ್ಲವೆಂದು 1857ರ ಮಾರ್ಚ್ 6ರಂದು ತೀರ್ಪಿತ್ತ ಮುಖ್ಯ ನ್ಯಾಯಾಧೀಶ ರೋಜರ್ ಟಾನಿ ಕಥೋಲಿಕನಾಗಿದ್ದನು. ತನ್ನ ಸ್ವಂತ ಗುಲಾಮರನ್ನು ಹಿಂದೆಯೇ ಬಿಡುಗಡೆ ಮಾಡಿದ್ದವನ ಲೇಖನಿಯಿಂದ ಈ ಮಾತು ಹೊರಟಿತು. ಕಥೋಲಿಕರಾದ ನಾವು ಇದನ್ನು ಮರೆಮಾಚುವುದು ಸಲ್ಲದು.

ಅದೇ ವರ್ಷದ ಮೇ 26ರಂದು, ಡ್ರೆಡ್‌ನ ಮೊದಲ ಯಜಮಾನನ ಮಗ ಟೇಲರ್ ಬ್ಲೋ ಸೇಂಟ್ ಲೂಯಿಸ್‌ನ ಅದೇ ನ್ಯಾಯಾಲಯದಲ್ಲಿ ಆ ಕುಟುಂಬವನ್ನು ವಿಮುಕ್ತಗೊಳಿಸಿದನು. ಮರುವರ್ಷ ಸೆಪ್ಟೆಂಬರಿನಲ್ಲಿ ಡ್ರೆಡ್ ತೀರಿಕೊಂಡನು. 1867ರಲ್ಲಿ ಬ್ಲೋ ಆತನ ಶರೀರವನ್ನು ಕಥೋಲಿಕರ ಕ್ಯಾಲ್ವರಿ ಸ್ಮಶಾನಕ್ಕೆ ತರಿಸಿ ಮಣ್ಣು ಮಾಡಿಸಿದನು. ಆ ಸಮಾಧಿಗೆ ಹೆಸರಿನ ಕಲ್ಲು ಬಂದುದು 1957ರಲ್ಲಿ.